ಸಾಯುವ ದೇವರು ಇಟಲಿಗೆ ಬಂದ ದಾರಿ

1054ರಲ್ಲಿ ಪೋಪರ ದೂತನಾಗಿ ಕಾನ್‌ಸ್ಟಾಂಟಿನೋಪಲ್‌ಗೆ ಹೋದ ಕಾರ್ಡಿನಲ್ ಹಂಬರ್ಟ್ ಅಲ್ಲಿನ ಗ್ರೀಕ್ ಕ್ರೈಸ್ತರ ಮೇಲೆ ದೂರುಗಳ ದೊಡ್ಡ ಪಟ್ಟಿಯನ್ನೇ ಹೊರಿಸಿದ. ಬಲಿಪೂಜೆಗೆ ಹುಳಿ ಹಾಕಿದ ರೊಟ್ಟಿ ಬಳಸುತ್ತೀರಿ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಚಿತ್ರಕ್ಕೆ ಸಂಬಂಧಿಸಿದ ಒಂದು ದೂರೂ ಇತ್ತು: ಶಿಲುಬೆಯ ಮೇಲೆ ಸಾಯುತ್ತಿರುವ ಮನುಷ್ಯನೊಬ್ಬನ ರೂಪವನ್ನು ಇಟ್ಟಿದ್ದೀರಿ. ಹಂಬರ್ಟನ ಕಣ್ಣಿಗೆ ಅದು ಅಪಚಾರ. ಇಟಲಿಯ ಚರ್ಚುಗಳಿಗೆ ಪರಿಚಿತನಾಗಿದ್ದ ಕ್ರಿಸ್ತ ಶಿಲುಬೆಯ ಮೇಲೂ ಕಣ್ಣು ಬಿಟ್ಟು, ತಲೆಯೆತ್ತಿ, ನೆಟ್ಟಗೆ ನಿಂತಿರುತ್ತಿದ್ದ. ಅವನು ಸಾವನ್ನು ಗೆದ್ದ ಅರಸ. ನೋವಿನ ಸುಳಿವು ಮುಖದಲ್ಲಿ ಇರುವಂತಿಲ್ಲ.

ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಹಂಬರ್ಟ್ ಮೂಗು ಮುರಿದ ಆ ಚಿತ್ರವೇ ಇಟಲಿಯ ದೊಡ್ಡ ದೊಡ್ಡ ಚರ್ಚುಗಳಲ್ಲಿ ಆಳೆತ್ತರವನ್ನೂ ಮೀರಿ ತೂಗುತ್ತಿತ್ತು. ಕಣ್ಣು ಮುಚ್ಚಿದೆ, ತಲೆ ಭುಜದ ಮೇಲೆ ವಾಲಿದೆ, ದೇಹ ಬಿಲ್ಲಿನ ಹಾಗೆ ಬಾಗಿದೆ. ಮಧ್ಯಯುಗದ ಇಟಲಿಯ ಹಲಗೆ ಚಿತ್ರಗಳ ಮೇಲೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಗ್ರೀಕ್ ಸಾಮ್ರಾಜ್ಯವಾದ ಬೈಜಾಂಟಿಯಮ್‌ನ ಪ್ರಭಾವ ಎಂದು ಪುಸ್ತಕಗಳು ಕರೆಯುವ ಸಂಗತಿಯ ಒಳತಿರುಳು ಇದೇ ಬದಲಾವಣೆಯಲ್ಲಿದೆ.

ಕಲಾ ಇತಿಹಾಸವನ್ನು ಓದಿಕೊಂಡವರಿಗೆ ಈ ಮಾತು ತಲೆಕೆಳಗಾಗಿ ಕೇಳಿಸಬಹುದು. ಏಕೆಂದರೆ ನಮಗೆ ಬಳುವಳಿಯಾಗಿ ಬಂದಿರುವ ಕಥೆ ಬೇರೆ. 1550ರಲ್ಲಿ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದ ಜಾರ್ಜೋ ವಸಾರಿ, ಇಟಲಿಯ ಹಳೆಯ ಚಿತ್ರಗಳನ್ನೆಲ್ಲ 'ಮನಿಯೆರಾ ಗ್ರೇಕಾ', ಅಂದರೆ ಗ್ರೀಕ್ ರೀತಿ, ಎಂಬ ಒಂದೇ ಮೂಟೆಗೆ ಕಟ್ಟಿದ. ಅದು ಒರಟು, ಜೀವವಿಲ್ಲದ್ದು, ಕಣ್ಣು ಕೆಕ್ಕರಿಸಿ ನೋಡುವ ಗೊಂಬೆಗಳದ್ದು. ಫ್ಲಾರೆನ್ಸಿನ ಚಿತ್ರಕಾರ ಚಿಮಾಬುವೆ ಅದನ್ನು ಸ್ವಲ್ಪ ಸಡಿಲಿಸಿದ, ಅವನ ನಂತರ ಬಂದ ಜೊತ್ತೊ ಪೂರ್ತಿ ಕಳಚಿ ಎಸೆದ ಎಂಬುದು ಅವನ ಕಥೆ. ಫ್ಲಾರೆನ್ಸಿನ ಉಫಿತ್ಸಿ ಸಂಗ್ರಹಾಲಯದಲ್ಲಿ ಚಿಮಾಬುವೆ, ದುಚ್ಚೊ, ಜೊತ್ತೊ ಈ ಮೂವರ ಸಿಂಹಾಸನಾರೂಢ ಮಾತೆಮರಿಯರನ್ನು ಒಂದೇ ಕೋಣೆಯಲ್ಲಿ ಇಟ್ಟಿದ್ದಾರೆ. ಅಲ್ಲಿ ನಿಂತು ನೋಡಿದರೆ ವಸಾರಿಯ ಕಥೆ ತಾನಾಗಿಯೇ ಮನಸ್ಸಿಗೆ ಬಂದುಬಿಡುತ್ತದೆ: ಬಿಗಿಯಿಂದ ಸಡಿಲಕ್ಕೆ, ಚಿನ್ನದಿಂದ ರಕ್ತಮಾಂಸಕ್ಕೆ. ಕಥೆ ಅಂದವಾಗಿದೆ, ಅರ್ಧ ಸರಿಯೂ ಇದೆ. ತಪ್ಪಿರುವುದು ಇನ್ನರ್ಧದಲ್ಲಿ. ಮನುಷ್ಯಸಹಜ ನೋವು, ತಾಯಿಮಗುವಿನ ಒಲವು, ನೋಡುವವನ ಎದೆ ಕಲಕುವ ಶೋಕ ಎಂದು ನಾವು ಇಟಲಿಯ ಲೆಕ್ಕಕ್ಕೆ ಜಮಾ ಮಾಡುವ ಬಹಳಷ್ಟು ಸಂಗತಿಗಳು ಮೊದಲು ಬಂದದ್ದೇ ಆ 'ಜೀವವಿಲ್ಲದ' ಗ್ರೀಕರಿಂದ.

ಗ್ರೀಕರ ಪೂಜಾಚಿತ್ರವಾದ ಐಕಾನ್ ಎಂದರೆ ಏನು ಎಂಬುದನ್ನು ಮೊದಲು ನೋಡಬೇಕು. ಪಶ್ಚಿಮದ ಧರ್ಮಸಭೆಗೆ ಚಿತ್ರದ ಬಗ್ಗೆ ಇದ್ದ ನಿಲುವನ್ನು 600ರ ಆಸುಪಾಸಿನಲ್ಲಿ ಪೋಪ್ ಗ್ರೆಗೊರಿ ಹೇಳಿಟ್ಟಿದ್ದರು: ಓದು ಬಾರದವರು ಗೋಡೆಯನ್ನು ನೋಡಿ ಓದಿಕೊಳ್ಳಲಿ. ಅಂದರೆ ಚಿತ್ರ ಪಾಠ ಹೇಳುವ ಸಾಧನ. ಪೂರ್ವದಲ್ಲಿ ವಿಷಯ ಇಷ್ಟು ಸರಳವಾಗಿರಲಿಲ್ಲ. ಎಂಟನೆಯ ಶತಮಾನದಿಂದ 843ರವರೆಗೆ ಅಲ್ಲಿ ಚಿತ್ರ ಬೇಕೇ ಬೇಡವೇ ಎಂಬ ಜಗಳ ಸಾಮ್ರಾಜ್ಯವನ್ನೇ ಅಲ್ಲಾಡಿಸಿತ್ತು. ಚಿತ್ರಗಳನ್ನು ಒಡೆದರು, ಸುಣ್ಣ ಬಳಿದರು, ಚಿತ್ರದ ಪರ ನಿಂತ ಸನ್ಯಾಸಿಗಳನ್ನು ಹಿಂಸಿಸಿದರು. ಕೊನೆಗೆ ಗೆದ್ದ ಪಕ್ಷ ಆ ಜಗಳದಿಂದ ಒಂದು ಖಚಿತ ಸಿದ್ಧಾಂತವನ್ನು ಪಡೆದು ಹೊರಬಂದಿತು. ಚಿತ್ರಕ್ಕೆ ಸಲ್ಲಿಸಿದ ಗೌರವ ಚಿತ್ರದಲ್ಲಿರುವವರಿಗೆ ಮುಟ್ಟುತ್ತದೆ. ಐಕಾನ್ ಮುಖಾಮುಖಿಯ ಸ್ಥಳ. ಆದ್ದರಿಂದಲೇ ಅದರ ಮುಖ ನೇರ ನಮ್ಮತ್ತ ತಿರುಗಿರುತ್ತದೆ, ಹಿನ್ನೆಲೆಯಲ್ಲಿ ಬೆಟ್ಟಗುಡ್ಡಗಳ ಬದಲು ಚಿನ್ನವಿರುತ್ತದೆ, ಮೂಲರೂಪದಿಂದ ಜಾರದಂತೆ ಚಿತ್ರಕಾರ ಎಚ್ಚರ ವಹಿಸುತ್ತಾನೆ.

ಇಂಥ ರೂಪಗಳಲ್ಲಿ ಹೆಸರುವಾಸಿಯಾದದ್ದು ಹೊದಿಗೀತ್ರಿಯಾ, ದಾರಿ ತೋರುವ ತಾಯಿ. ಮರಿಯ ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು ಇನ್ನೊಂದು ಕೈಯಿಂದ ಅವನನ್ನು ತೋರಿಸುತ್ತಾಳೆ; ಮಗು ಚಿಕ್ಕ ಅರಸನ ಗತ್ತಿನಲ್ಲಿ ಆಶೀರ್ವದಿಸುತ್ತದೆ. ಸುವಾರ್ತೆ ಬರೆದ ಸಂತ ಲೂಕನೇ ಮರಿಯಳನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿದ್ದು ಎಂಬ ನಂಬಿಕೆ ಇದ್ದ ಮೂಲಚಿತ್ರ ಕಾನ್‌ಸ್ಟಾಂಟಿನೋಪಲ್‌ನ ಮಠವೊಂದರಲ್ಲಿತ್ತು. ಪ್ರತಿ ಮಂಗಳವಾರ ಅದನ್ನು ಭಕ್ತರ ಒಂದು ಕೂಟ ಹೊತ್ತು ಬೀದಿಗೆ ತರುತ್ತಿತ್ತು. ಜಾತ್ರೆಯಲ್ಲಿ ಉತ್ಸವಮೂರ್ತಿ ಹೊರಡುವುದನ್ನು ಕಂಡವರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ರೂಪ ಎಲೆಯೂಸಾ, ಕರುಣೆಯ ತಾಯಿ. ಇಲ್ಲಿ ಮಗು ತಾಯಿಯ ಕೆನ್ನೆಗೆ ಕೆನ್ನೆ ಒತ್ತುತ್ತದೆ, ತಾಯಿಯ ಕಣ್ಣಿನಲ್ಲಿ ಮುಂದಿನದನ್ನು ಬಲ್ಲವಳ ದುಃಖವಿರುತ್ತದೆ. ಇಟಲಿಯ ನೂರಾರು ಮಡೋನ್ನಾ, ಅಂದರೆ ಮಾತೆಮರಿಯಳ, ಚಿತ್ರಗಳನ್ನು ಬಗೆದು ನೋಡಿದರೆ ತಳದಲ್ಲಿ ಈ ಎರಡರಲ್ಲೊಂದು ಸಿಗುತ್ತದೆ.

ಇವೆಲ್ಲ ಇಟಲಿಗೆ ಬಂದದ್ದು ಹಲವು ಬಾಗಿಲುಗಳಿಂದ. ಮೊಂತೆ ಕಸ್ಸೀನೋ ಮಠಾಧಿಪತಿ ದೆಸಿದೇರಿಯೊ ಹನ್ನೊಂದನೆಯ ಶತಮಾನದಲ್ಲೇ ಬಣ್ಣದ ಚೂರುಗಳನ್ನು ಜೋಡಿಸಿ ಚಿತ್ರ ಮಾಡುವ ಮೊಸಾಯಿಕ್ ಕೆಲಸಕ್ಕೆ ಕಾನ್‌ಸ್ಟಾಂಟಿನೋಪಲ್‌ನಿಂದ ಕುಶಲಕರ್ಮಿಗಳನ್ನು ಕರೆಸಿದ್ದ. ಸಿಸಿಲಿಯ ನಾರ್ಮನ್ ಅರಸರು ಚೆಫಲೂ, ಪಲೆರ್ಮೊ, ಮೊನ್ರಿಯಾಲೆಗಳ ಗೋಡೆಗಳನ್ನು ಗ್ರೀಕ್ ಮೊಸಾಯಿಕ್‌ಗಳಿಂದ ತುಂಬಿಸಿದರು. 1082ರಲ್ಲಿ ವೆನಿಸ್, 1111ರಲ್ಲಿ ಪೀಸಾ, ಬೈಜಾಂಟಿಯಮ್ ಚಕ್ರವರ್ತಿಯಿಂದ ವ್ಯಾಪಾರದ ಸವಲತ್ತು ಪಡೆದವು. ರೇಷ್ಮೆ, ಸಂಬಾರದ ಜೊತೆ ಹಡಗಿನಲ್ಲಿ ಐಕಾನ್‌ಗಳೂ ಬಂದವು. ಆಮೇಲೆ 1204. ಜೆರುಸಲೇಮ್ ಬಿಡಿಸಲು ಹೊರಟ ನಾಲ್ಕನೆಯ ಕ್ರುಸೇಡಿನ, ಅಂದರೆ ಕ್ರೈಸ್ತ ಧರ್ಮಯುದ್ಧದ, ಸೈನಿಕರು ದಾರಿ ತಪ್ಪಿ, ಅಥವಾ ಲಾಭ ಕಂಡ ಕಡೆ ದಾರಿ ಹಿಡಿದು, ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲ್ಲನ್ನು ಲೂಟಿ ಮಾಡಿದರು. ಚರ್ಚುಗಳ ಪವಿತ್ರ ಅವಶೇಷಗಳು, ಐಕಾನ್‌ಗಳು, ಚಿನ್ನದ ಪಾತ್ರೆಗಳು ಪಶ್ಚಿಮದ ಪಾಲಾದವು. ವೆನಿಸಿನ ಸಂತ ಮಾರ್ಕನ ಬಸಿಲಿಕಾದಲ್ಲಿ ಇಂದಿಗೂ ಪೂಜೆಗೊಳ್ಳುವ ನಿಕೊಪೇಯಾ, ಅಂದರೆ ವಿಜಯ ತರುವ ತಾಯಿ, ಆ ಲೂಟಿಯಲ್ಲಿ ಸಿಕ್ಕಿದ್ದೆಂದು ವೆನಿಸಿನ ಸಂಪ್ರದಾಯ ಹೇಳುತ್ತದೆ. ಕದ್ದ ದೇವರಿಗೆ ಭಕ್ತಿ ಕಡಿಮೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ಸರಕು ಬಂದುಬಿಟ್ಟರೆ ಪ್ರಭಾವ ಆಗಿಬಿಡುವುದಿಲ್ಲ. ಬಂದದ್ದನ್ನು ಬೇಡುವವರು ಬೇಕು. ಹದಿಮೂರನೆಯ ಶತಮಾನದ ಇಟಲಿಯಲ್ಲಿ ಆ ಬೇಡಿಕೆ ಹುಟ್ಟಿಸಿದವರು ಭಿಕ್ಷಾಜೀವಿ ಸನ್ಯಾಸಿಗಳು, ಅದರಲ್ಲೂ ಫ್ರಾನ್ಸಿಸ್ಕನ್ನರು. ಕ್ರಿಸ್ತನ ಗಾಯಗಳನ್ನು ಮೈಮೇಲೆ ಪಡೆದನೆಂದು ನಂಬಲಾದ ಅಸ್ಸೀಸಿಯ ಫ್ರಾನ್ಸಿಸ್ 1226ರಲ್ಲಿ ತೀರಿಕೊಂಡ. ಎರಡೇ ವರ್ಷಕ್ಕೆ ಸಂತನಾದ. ಅವನ ಹಿಂಬಾಲಕರು ಪೇಟೆಯ ಜನರಿಗೆ ಅವರ ಆಡುಭಾಷೆಯಲ್ಲಿ ಬೋಧಿಸುತ್ತಿದ್ದರು. ಕ್ರಿಸ್ತ ಪಟ್ಟ ಪಾಡನ್ನು ಕಣ್ಣೆದುರು ನಡೆದಂತೆ ನೆನೆಯಿರಿ, ಅವನೊಂದಿಗೆ ಅಳಿರಿ ಎಂಬುದು ಆ ಬೋಧನೆಯ ಒಟ್ಟು ಧಾಟಿ. ಹಾಗೆ ಅಳುವವನ ಮುಂದೆ ನಗುಮೊಗದ ವಿಜಯಿ ಕ್ರಿಸ್ತನನ್ನು ತೂಗುಹಾಕಿ ಏನು ಪ್ರಯೋಜನ? ಅವರಿಗೆ ಬೇಕಾದ ಚಿತ್ರ ಪೂರ್ವದಲ್ಲಿ ತಯಾರಾಗಿಯೇ ಇತ್ತು. ಗ್ರೀಕರ ಪೂಜಾವಿಧಿಯಲ್ಲಿ ಶುಭ ಶುಕ್ರವಾರದಂದು ಮರಿಯಳ ಗೋಳನ್ನು ಹಾಡುವ ಪದ್ಧತಿ ಬಹಳ ಹಳೆಯದು. ಚಿತ್ರಕಾರರೂ ಅದೇ ದಾರಿ ಹಿಡಿದಿದ್ದರು.

ಶಿಲುಬೆಗಳನ್ನು ಕಾಲಕ್ರಮದಲ್ಲಿ ಸಾಲಾಗಿ ಇಟ್ಟು ನೋಡಿದರೆ ಬದಲಾವಣೆ ಕೈಗೆ ಸಿಗುತ್ತದೆ. ಇಟಲಿಯಲ್ಲಿ ತಾರೀಖು ಬರೆದಿರುವ ಅತಿ ಹಳೆಯ ಬಣ್ಣದ ಶಿಲುಬೆ ಸರ್ಜಾನಾ ಊರಿನದು, ಗುಲಿಯೆಲ್ಮೊ ಎಂಬವನು 1138ರಲ್ಲಿ ಮಾಡಿದ್ದು. ಅಲ್ಲಿ ಕ್ರಿಸ್ತ ಕಣ್ಣು ಬಿಟ್ಟಿದ್ದಾನೆ; ದೇಹದ ಎರಡೂ ಬದಿಯ ಹಲಗೆಗಳಲ್ಲಿ ಕಥಾಪ್ರಸಂಗಗಳಿವೆ. 1200ರ ಸುಮಾರಿಗೆ ಪೀಸಾದಲ್ಲಿ ಕಣ್ಣು ಮುಚ್ಚಿದ ಕ್ರಿಸ್ತ ಕಾಣಿಸಿಕೊಳ್ಳುತ್ತಾನೆ. ಪೂರ್ವದ ಜೊತೆ ಹೆಚ್ಚು ವ್ಯವಹಾರವಿದ್ದ ಬಂದರಿನಲ್ಲೇ ಇದು ಮೊದಲಾದದ್ದು ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ. ಅದೇ ಪೀಸಾದ ಜುಂಟಾ 1236ರಲ್ಲಿ ಅಸ್ಸೀಸಿಯ ಫ್ರಾನ್ಸಿಸ್ಕನ್ ಬಸಿಲಿಕಾಕ್ಕೆ ದೊಡ್ಡ ಶಿಲುಬೆ ಮಾಡಿಕೊಟ್ಟ, ಅದು ಉಳಿದಿಲ್ಲ. ಬೊಲೊನ್ಯಾದ ಸಂತ ದೊಮಿನಿಕನ ಚರ್ಚಿನಲ್ಲಿ ಅವನದೇ ಇನ್ನೊಂದು ಉಳಿದಿದೆ. ಅದರಲ್ಲಿ ದೇಹ ಒಂದು ಪಕ್ಕಕ್ಕೆ ತೂಗಿದೆ, ಹೊಟ್ಟೆಯ ಸ್ನಾಯುಗಳು ಮೂರು ಗಂಟುಗಳಾಗಿ ಬಿಗಿದಿವೆ, ಹುಬ್ಬುಗಳು ನೋವಿನಿಂದ ಹೆಣೆದುಕೊಂಡಿವೆ. ಬದಿಯ ಹಲಗೆಗಳಲ್ಲಿ ಕಥೆಗಳು ಮಾಯವಾಗಿ ಬರೀ ಬಟ್ಟೆಯ ವಿನ್ಯಾಸ ಉಳಿದಿದೆ, ಕಣ್ಣು ಬೇರೆಲ್ಲೂ ಅಲೆಯದಿರಲಿ ಎಂಬಂತೆ. ಅಡ್ಡತೊಲೆಯ ಎರಡು ತುದಿಗಳಲ್ಲಿ ಮರಿಯ ಮತ್ತು ಶಿಷ್ಯ ಯೊವಾನ್ನ ಮಾತ್ರ ಕೆನ್ನೆಗೆ ಕೈ ಹಚ್ಚಿ ಅಳುತ್ತಾರೆ. ಆ ಬಾಗಿದ ದೇಹ, ಮೂರು ಗಂಟಿನ ಹೊಟ್ಟೆ, ಕೆನ್ನೆಗೆ ಹಚ್ಚಿದ ಕೈ ಎಲ್ಲವೂ ಗ್ರೀಕ್ ಐಕಾನ್‌ಗಳಲ್ಲಿ ಬಳಕೆಯಲ್ಲಿದ್ದವೇ. ಇಟಲಿಯವರು ಸೇರಿಸಿದ್ದು ಗಾತ್ರವನ್ನು. ಕೈಯಲ್ಲಿ ಹಿಡಿಯಬಹುದಾದ ಐಕಾನಿನ ಶೋಕವನ್ನು ಅವರು ಇಡೀ ಚರ್ಚು ನೋಡುವಷ್ಟು ಎತ್ತರಿಸಿದರು. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿಗೆ ಚಿಮಾಬುವೆ ಮಾಡಿದ ಶಿಲುಬೆ ನಾಲ್ಕು ಮೀಟರಿಗೂ ಎತ್ತರ. 1966ರ ನವೆಂಬರ್ 4ರಂದು ಆರ್ನೊ ನದಿಯ ಪ್ರವಾಹ ನುಗ್ಗಿ ಅದರ ಅರ್ಧಕ್ಕೂ ಹೆಚ್ಚು ಬಣ್ಣ ಕಿತ್ತುಹೋಯಿತು.

ವಸಾರಿಯ ಕಥೆಗೆ ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಪಾದುವಾದ ಅರೇನಾ ಪ್ರಾರ್ಥನಾಲಯದ ಗೋಡೆಯ ಮೇಲೆ ಜೊತ್ತೊ 1305ರ ಸುಮಾರಿಗೆ ಬಿಡಿಸಿದ ಶೋಕದೃಶ್ಯವನ್ನು, ಶಿಲುಬೆಯಿಂದ ಇಳಿಸಿದ ಮಗನ ಮುಖಕ್ಕೆ ಮುಖ ತಂದು ತಾಯಿ ಅಳುವ ಆ ಚಿತ್ರವನ್ನು, ಹೊಸ ಯುಗದ ಬಾಗಿಲು ಎಂದು ಪಠ್ಯಪುಸ್ತಕಗಳು ಕೊಂಡಾಡುತ್ತವೆ. ಸ್ಕೋಪ್ಯೆ ನಗರದ ಹತ್ತಿರ ನೆರೆಜಿ ಎಂಬ ಊರಿನಲ್ಲಿ ಬೈಜಾಂಟಿಯಮ್ ರಾಜವಂಶದವನೊಬ್ಬ ಕಟ್ಟಿಸಿದ ಸಂತ ಪಂತಲೇಮೊನನ ಪುಟ್ಟ ಚರ್ಚಿದೆ. ಅದರ ಗೋಡೆಯ ಮೇಲೆ ಅದೇ ದೃಶ್ಯ: ತಾಯಿ ಮಗನ ಹೆಣವನ್ನು ತೊಡೆಗಳ ನಡುವೆ ಎಳೆದುಕೊಂಡು ಕೆನ್ನೆಗೆ ಕೆನ್ನೆ ಒತ್ತಿದ್ದಾಳೆ, ಹುಬ್ಬು ಸಂಕಟದಿಂದ ಮೇಲೆ ಸರಿದಿದೆ. ಕಟ್ಟಿದ್ದು 1164ರಲ್ಲಿ. ಜೊತ್ತೊ ಹುಟ್ಟಲು ಇನ್ನೂ ನೂರು ವರ್ಷ ಬೇಕಿತ್ತು. ಜೊತ್ತೊ ಅದನ್ನು ನೋಡಿದ್ದ ಎಂದಲ್ಲ. ಅಳುವುದನ್ನು ಇಟಲಿ ಗ್ರೀಕರಿಗೆ ಕಲಿಸಲಿಲ್ಲ ಎಂದಷ್ಟೇ.

ಈಗ ಹಲಗೆಯನ್ನೇ ಹತ್ತಿರದಿಂದ ನೋಡೋಣ. ಇಟಲಿಯಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದುದು ಪಾಪ್ಲರ್ ಮರ. ಸುಲಭವಾಗಿ ಸಿಗುತ್ತಿತ್ತು, ಅಗಲವಾದ ಹಲಗೆ ಕೊಡುತ್ತಿತ್ತು. ಹಲಗೆಗೆ ನಾರುಬಟ್ಟೆ ಅಂಟಿಸಿ, ಚರ್ಮದಿಂದ ಕಾಯಿಸಿ ತೆಗೆದ ಸರೇಸಿನಲ್ಲಿ ಜಿಪ್ಸಮ್ ಪುಡಿ ಕಲಸಿ, ಪದರದ ಮೇಲೆ ಪದರ ಬಳಿದು, ದಂತದಷ್ಟು ನುಣುಪಾಗುವವರೆಗೆ ಉಜ್ಜುತ್ತಿದ್ದರು. ಚಿನ್ನ ಕೂರಬೇಕಾದ ಕಡೆ ಕೆಂಪು ಜೇಡಿಯ ಲೇಪ, ಅದರ ಮೇಲೆ ಚಿನ್ನದ ರೇಕು, ಆಮೇಲೆ ನಯವಾದ ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ತಿಕ್ಕಿ ಮೆರುಗು. ಬಣ್ಣಕ್ಕೆ ಅಂಟು ಮೊಟ್ಟೆಯ ಹಳದಿ. 1400ರ ಸುಮಾರಿಗೆ ಈ ಕಸುಬಿನ ಕೈಪಿಡಿ ಬರೆದ ಚೆನ್ನೀನೊ ಚೆನ್ನೀನಿ, ಎಳೆಯರ ಮುಖಕ್ಕೆ ಪೇಟೆಯ ಕೋಳಿಯ ಮೊಟ್ಟೆ ಬಳಸಿರಿ, ಅದರ ಹಳದಿ ತಿಳಿಯಾಗಿರುತ್ತದೆ; ಮುದುಕರ ಮುಖಕ್ಕೆ ಹಳ್ಳಿ ಕೋಳಿಯದೇ ಸರಿ ಎನ್ನುತ್ತಾನೆ.

ಮುಖ ಬಿಡಿಸುವ ಕ್ರಮದಲ್ಲಿ ಗ್ರೀಕರ ಪಾಠ ಎದ್ದು ಕಾಣುತ್ತದೆ. ಐಕಾನ್ ಬರೆಯುವವನು ಮುಖದ ಜಾಗಕ್ಕೆಲ್ಲ ಮೊದಲು ಹಸಿರುಗಪ್ಪು ಬಣ್ಣ ತುಂಬುತ್ತಾನೆ. ಅದರ ಮೇಲೆ ಹಂತಹಂತವಾಗಿ ತಿಳಿಬಣ್ಣ ಏರಿಸುತ್ತ ಹೋಗಿ, ಕಡೆಗೆ ಮೂಗಿನ ದಂಡೆ, ಕೆನ್ನೆಯ ಉಬ್ಬು, ಕಣ್ಣಿನ ಕೆಳಗೆ ಬಿಳಿಯ ಸಣ್ಣ ಗೀರುಗಳನ್ನು ಎಳೆಯುತ್ತಾನೆ. ಮುಖ ಕತ್ತಲಿನಿಂದ ಬೆಳಕಿಗೆ ಎದ್ದುಬರುತ್ತದೆ. ಇಟಲಿಯವರು ಇದನ್ನು ಹಿಡಿದುಕೊಂಡು, ಅಡಿಬಣ್ಣಕ್ಕೆ ತಿಳಿಹಸಿರು ಮಣ್ಣು ಬಳಸಿ, ಮೇಲೆ ಗುಲಾಬಿ ಬಣ್ಣದ ಎಳೆಗಳನ್ನು ನೇಯ್ದರು. ಕಾಲ ಕಳೆದಂತೆ, ಅತಿಯಾಗಿ ಒರೆಸಿ ತೊಳೆದಂತೆ, ಗುಲಾಬಿ ಸವೆದು ಕೆಳಗಿನ ಹಸಿರು ಇಣುಕುತ್ತದೆ. ಸಂಗ್ರಹಾಲಯಗಳಲ್ಲಿ ಮಧ್ಯಯುಗದ ಮಡೋನ್ನಾಗಳು ಕಾಯಿಲೆ ಬಿದ್ದವರ ಹಾಗೆ ಹಸಿರುಮೊಗದವರಾಗಿ ಕಾಣುವುದು ಇದರಿಂದ.

ಇನ್ನೊಂದು ಗುರುತು ಬಟ್ಟೆಯ ಮೇಲಿನ ಚಿನ್ನದ ಗೆರೆಗಳು. ಸಾಮಾನ್ಯವಾಗಿ ಅಂಟುರಸದಿಂದ ಕೂದಲೆಳೆಯಂಥ ಗೆರೆಗಳನ್ನು ಎಳೆದು, ಅದು ಪೂರ್ತಿ ಆರುವ ಮೊದಲು ರೇಕು ಹೊದಿಸಿ, ಉಳಿದದ್ದನ್ನು ಗರಿಯಿಂದಲೋ ಕುಂಚದಿಂದಲೋ ಗುಡಿಸಿಬಿಡುತ್ತಿದ್ದರು. ಗೆರೆ ಇದ್ದಲ್ಲಿ ಮಾತ್ರ ಚಿನ್ನ ನಿಲ್ಲುತ್ತಿತ್ತು. ಒಳ್ಳೆಯ ಗ್ರೀಕ್ ಐಕಾನಿನಲ್ಲಿ ಈ ಗೆರೆಗಳು ಮೊಣಕಾಲಿನ ಉಬ್ಬು, ತೋಳಿನ ತಿರುವುಗಳನ್ನು ಹಿಂಬಾಲಿಸುತ್ತವೆ, ಒಳಗಿರುವ ದೇಹ ತಿಳಿಯುತ್ತದೆ. ಬೆಳಕು ಕಿಟಕಿಯಿಂದ ಬಿದ್ದದ್ದಲ್ಲ, ಬಟ್ಟೆಯೊಳಗಿಂದಲೇ ಹೊಮ್ಮಿದ್ದು. ಆರಂಭದ ಇಟಾಲಿಯನ್ ಚಿತ್ರಕಾರರು ಗೆರೆಗಳನ್ನು ತಂದರೂ ಬಹಳ ಸಲ ದೇಹವನ್ನು ಮರೆತರು. ಚಿನ್ನ ಬರೀ ಜರಿಯ ಕಸೂತಿಯಾಗಿಬಿಟ್ಟಿತು. ವಸಾರಿ ಗ್ರೀಕರ ಮೇಲೆ ಹೊರಿಸಿದ ಬಿಗಿತ ಎಷ್ಟೋ ಕಡೆ ಈ ಅರೆಕಲಿತ ಅನುಕರಣೆಯದು.

ಈ ಗೆರೆಗಳ ಮರ್ಮ ಅರಿತವನು ಸಿಯೆನಾದ ದುಚ್ಚೊ. 1285ರ ಏಪ್ರಿಲ್ 15ರಂದು ಫ್ಲಾರೆನ್ಸಿನ ಒಂದು ಭಜನಾ ಕೂಟ, ಮರಿಯಳ ಸ್ತುತಿಗೀತೆ ಹಾಡುವ ಗೃಹಸ್ಥರ ಸಂಘ, ಅವನೊಂದಿಗೆ ಕರಾರು ಮಾಡಿಕೊಂಡಿತು. ದೊಡ್ಡ ಹಲಗೆಯ ಮೇಲೆ ಮರಿಯ ಮತ್ತು ಬಾಲಯೇಸುವಿನ ಅತಿ ಸುಂದರ ಚಿತ್ರ ಮಾಡಿಕೊಡಬೇಕು, ಚಿನ್ನ ಮತ್ತು ನೀಲಿ ಅವನದೇ ಖರ್ಚು, ಕೂಲಿ 150 ಲೀರೆ. ಮನಸ್ಸಿಗೆ ಬಾರದಿದ್ದರೆ ಚಿತ್ರವನ್ನು ಅವನೇ ಇಟ್ಟುಕೊಳ್ಳಬೇಕು, ಹಣವಿಲ್ಲ! ಬಂದದ್ದು ನಾಲ್ಕೂವರೆ ಮೀಟರ್ ಎತ್ತರದ ರುಚೆಲ್ಲಾಯಿ ಮಡೋನ್ನಾ. ಕೂತ ಭಂಗಿ, ಮುಖದ ಓರೆ, ಉದ್ದ ಬೆರಳು ಎಲ್ಲವೂ ಗ್ರೀಕ್. ಆದರೆ ಮರಿಯಳ ನೀಲಿ ಹೊದಿಕೆಯ ಮೇಲೆ ಚಿನ್ನದ ಬಲೆ ಇಲ್ಲ. ಅಂಚಿನುದ್ದಕ್ಕೂ ಒಂದೇ ಒಂದು ಚಿನ್ನದ ಗೆರೆ ಹಾವಿನಂತೆ ಹೊರಳುತ್ತ ಇಳಿಯುತ್ತದೆ. ಸ್ವಾರಸ್ಯವೇನೆಂದರೆ, ವಸಾರಿ ಈ ಚಿತ್ರವನ್ನು ಚಿಮಾಬುವೆಯದೆಂದು ಬರೆದು, ಫ್ಲಾರೆನ್ಸಿನ ಹಿರಿಮೆಗೆ ಸಾಕ್ಷಿಯಾಗಿ ನಿಲ್ಲಿಸಿದ್ದ.

1308ರಿಂದ 1311ರವರೆಗೆ ಸಿಯೆನಾದ ಮುಖ್ಯ ಚರ್ಚಿಗಾಗಿ ದುಚ್ಚೊ ಮಾಡಿದ ಬಲಿಪೀಠದ ಚಿತ್ರ, ಮಾಯೆಸ್ತಾ, ಇನ್ನೂ ದೊಡ್ಡದು. 1311ರ ಜೂನ್ 9ರಂದು ಊರಿನ ಅಂಗಡಿಗಳನ್ನು ಮುಚ್ಚಿಸಿ, ಗಂಟೆ ಬಾರಿಸಿ, ಕಹಳೆ ಊದಿಸಿ, ಬಿಷಪರೂ ಆಡಳಿತಗಾರರೂ ಮೇಣದಬತ್ತಿ ಹಿಡಿದು ಅದನ್ನು ಚರ್ಚಿಗೆ ಒಯ್ದರು. ಅದರ ಹಿಂಬದಿಯಲ್ಲಿ ಕ್ರಿಸ್ತನ ಬದುಕಿನ ಚಿಕ್ಕ ಚಿಕ್ಕ ದೃಶ್ಯಗಳಿದ್ದವು. ಶಿಲುಬೆಗೆ ಏರುವವರೆಗೆ ಕ್ರಿಸ್ತನ ಬಟ್ಟೆ ಸಾಧಾರಣ, ನೆರಳು ಬೆಳಕಿನಿಂದ ಮಡಿಕೆ ಬಿಡಿಸಿದ್ದು. ಪುನರುತ್ಥಾನವಾದ ಮೇಲಿನ ದೃಶ್ಯಗಳಿಗೆ ಬಂದರೆ ಅದೇ ಬಟ್ಟೆಯ ತುಂಬ ಚಿನ್ನದ ಗೆರೆಗಳು. ಬೆಟ್ಟದ ಮೇಲೆ ಅವನು ರೂಪಾಂತರ ಹೊಂದಿದ ದೃಶ್ಯದಲ್ಲೂ ಹಾಗೆಯೇ. ದುಚ್ಚೊ ಎರಡು ಶೈಲಿಗಳ ನಡುವೆ ತೂಗಾಡುತ್ತಿರಲಿಲ್ಲ. ಮನುಷ್ಯನಿಗೆ ಒಂದು, ದೇವರಿಗೆ ಇನ್ನೊಂದು ಎಂದು ಲೆಕ್ಕ ಹಾಕಿ ಬಳಸುತ್ತಿದ್ದ. ಹಳೆಯದನ್ನು ಬಿಡಲಾರದೆ ಉಳಿಸಿಕೊಂಡವನು ಹೀಗೆ ಮಾಡುವುದಿಲ್ಲ.

ಅವನದೇ ಇನ್ನೊಂದು ಚಿತ್ರ ಒಂದು ಪುಸ್ತಕದಷ್ಟೇ ದೊಡ್ಡದು, ಸುಮಾರು 28 ಸೆಂಟಿಮೀಟರ್ ಎತ್ತರ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2004ರಲ್ಲಿ ಕೊಂಡದ್ದು. ಮಗು ಕೈ ಚಾಚಿ ತಾಯಿಯ ಮುಸುಕನ್ನು ಪಕ್ಕಕ್ಕೆ ಸರಿಸುತ್ತಿದೆ. ತಾಯಿ ಅವನ ತಲೆಯಾಚೆ ಎಲ್ಲೋ ನೋಡುತ್ತಿದ್ದಾಳೆ. ಚೌಕಟ್ಟಿನ ಕೆಳಗಂಚು ಸುಟ್ಟು ಕರಕಲಾಗಿದೆ, ಮುಂದೆ ಹಚ್ಚಿಟ್ಟ ಮೇಣದಬತ್ತಿಗಳಿಂದ. ಮನೆಯಲ್ಲೋ ಮಠದ ಕೋಣೆಯಲ್ಲೋ ಒಬ್ಬರೇ ಕುಳಿತು ಪ್ರಾರ್ಥಿಸಲು ಮಾಡಿದ ಇಂಥ ಚಿತ್ರಗಳೇ ಐಕಾನಿನ ನೇರ ವಾರಸುದಾರರು.

ಹೊಸ ಶೈಲಿ ಜನರ ಕಣ್ಣಿಗೆ ಎಷ್ಟು ಬೇಗ ಹತ್ತಿತು ಎಂಬುದಕ್ಕೆ ಸಿಯೆನಾದಲ್ಲೇ ಪುರಾವೆ ಇದೆ. ಕೊಪ್ಪೊ ದಿ ಮಾರ್ಕೊವಾಲ್ದೊ 1261ರಲ್ಲಿ ಮಾಡಿದ ಮಡೋನ್ನಾದ ಮುಖಗಳನ್ನು ಮುಂದಿನ ಶತಮಾನದ ಆರಂಭದಲ್ಲಿ ದುಚ್ಚೊನ ರೀತಿಗೆ ತಿದ್ದಿ ಬರೆಸಿದರು. ಎಕ್ಸ್‌ರೇ ತೆಗೆದಾಗ ಕೊಪ್ಪೊ ಬಿಡಿಸಿದ ಗಡುಸು ಗೆರೆಗಳ ಹಳೆಯ ಮುಖ ಒಳಗೆ ಕಂಡಿತು. ಚಿತ್ರವನ್ನು ಬಿಸಾಡಲಿಲ್ಲ ಎಂಬುದನ್ನೂ ಗಮನಿಸಬೇಕು. ಪೂಜೆಗೊಂಡ ತಾಯಿಯನ್ನು ಬದಲಿಸಲಾಗದು, ಮುಖವನ್ನು ಮಾತ್ರ ಕಾಲಕ್ಕೆ ತಕ್ಕಂತೆ ಮಾಡಬಹುದು.

ಯಾರು ಯಾರಿಂದ ಕಲಿತರು ಎಂಬ ಗೆರೆ ಕೆಲವೆಡೆ ಅಳಿಸಿಯೇ ಹೋಗಿದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಹದಿಮೂರನೆಯ ಶತಮಾನದ ಎರಡು ಮಡೋನ್ನಾಗಳಿವೆ. ಸ್ಪೇನಿನ ಕಲಹೋರಾ ಊರಿನಿಂದ ಬಂದವು ಎನ್ನುತ್ತಾರೆ. ಒಬ್ಬ ವಿದ್ವಾಂಸ ಕಾನ್‌ಸ್ಟಾಂಟಿನೋಪಲ್ ಎಂದರೆ ಇನ್ನೊಬ್ಬ ಸೈಪ್ರಸ್ ಎನ್ನುತ್ತಾನೆ, ಮತ್ತೊಬ್ಬ ಇಟಲಿ ಎಂದು ಪಟ್ಟು ಹಿಡಿಯುತ್ತಾನೆ. ಅಕ್ಕರೆ, ಅಲಂಕಾರ, ಕುಂಚದ ಕೆಲಸ ಎಲ್ಲ ಅಷ್ಟು ಬೆರೆತಿದೆ.

ಜೊತ್ತೊನ ನಂತರ ಇಟಲಿ ಬೇರೆ ದಾರಿ ಹಿಡಿಯಿತು: ನೆಲ ಸಮತಟ್ಟಾಯಿತು, ನೆರಳು ಒಂದೇ ಕಡೆಯಿಂದ ಬಿತ್ತು, ಚಿನ್ನದ ಜಾಗಕ್ಕೆ ಆಕಾಶ ಬಂದಿತು. ಆದರೆ ಐಕಾನಿಗೆ ಗಿರಾಕಿಗಳು ಕಡಿಮೆಯಾಗಲಿಲ್ಲ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಸಂತ ಲೂಕನ ಹೊದಿಗೀತ್ರಿಯಾ ಆಗಲೇ ನಾಶವಾಯಿತು. ವೆನಿಸಿನ ಆಳ್ವಿಕೆಯಲ್ಲಿದ್ದ ಕ್ರೀಟ್ ದ್ವೀಪದ ಕಾಂದಿಯಾ ಪಟ್ಟಣ ಐಕಾನ್ ತಯಾರಿಕೆಯ ದೊಡ್ಡ ಕೇಂದ್ರವಾಗಿ ಬೆಳೆಯಿತು. 1499ರಲ್ಲಿ ಇಬ್ಬರು ವ್ಯಾಪಾರಿಗಳು ಅಲ್ಲಿನ ಮೂವರು ಚಿತ್ರಕಾರರಿಗೆ ಒಂದೇ ಸಲಕ್ಕೆ ಮರಿಯಳ 700 ಐಕಾನ್‌ಗಳನ್ನು ಮಾಡಲು ಹೇಳಿದರು: 500 ಲ್ಯಾಟಿನ್ ರೀತಿಯವು, 200 ಗ್ರೀಕ್ ರೀತಿಯವು. ವಸಾರಿ ಸತ್ತುಹೋದುದೆಂದು ಬರೆದ ಶೈಲಿ, ಅವನ ಕಾಲದಲ್ಲೂ ಸಗಟು ವ್ಯಾಪಾರದಲ್ಲಿತ್ತು.

ಕ್ರೀಟಿನಿಂದ ವ್ಯಾಪಾರಿಯೊಬ್ಬ ತಂದನೆಂದು ಹೇಳುವ ಇಂಥದೇ ಒಂದು ಐಕಾನ್ ಹದಿನೈದನೆಯ ಶತಮಾನದ ಕೊನೆಯಿಂದ ರೋಮ್‌ನಲ್ಲಿದೆ. 1866ರಲ್ಲಿ ಅದು ರಿಡೆಂಪ್ಟರಿಸ್ಟ್ ಎಂಬ ಕಥೋಲಿಕ ಸಂಘದ ಗುರುಗಳ ವಶಕ್ಕೆ ಬಂದಿತು, ಅವರ ಮೂಲಕ ಅದರ ಮುದ್ರಿತ ಪ್ರತಿಗಳು ಲೋಕವೆಲ್ಲ ಹರಡಿದವು. ಬೆಂಗಳೂರಿನ ಕಥೋಲಿಕ ಮನೆಗಳಲ್ಲಿ ನಿತ್ಯ ಸಹಾಯ ಮಾತೆ ಎಂದೂ ಕರಾವಳಿಯಲ್ಲಿ ನಿತ್ಯಾಧಾರ ಮಾತೆ ಎಂದೂ ಕರೆಯುವ ಚಿತ್ರ ಅದೇ. ಗೋಡೆಯ ಮೇಲಿದ್ದರೆ ಹತ್ತಿರ ಹೋಗಿ ನೋಡಬಹುದು: ತಾಯಿಯ ಹಣೆಯ ಮೇಲಿನ ನಕ್ಷತ್ರ, ಬಟ್ಟೆಯ ಮಡಿಕೆಗಳ ಮೇಲೆ ಚಿನ್ನದ ಗೆರೆಗಳು, ಎರಡು ಮೂಲೆಗಳಲ್ಲಿ ಈಟಿಯನ್ನೂ ಶಿಲುಬೆಯನ್ನೂ ಹಿಡಿದ ದೇವದೂತರು. ಅವರತ್ತ ತಿರುಗಿ ನೋಡಿ ಬೆದರಿದ ಮಗು ಎರಡೂ ಕೈಗಳಿಂದ ತಾಯಿಯ ಕೈ ಹಿಡಿದಿದೆ; ಒಂದು ಕಾಲಿನ ಚಪ್ಪಲಿ ಕಳಚಿ ಪಟ್ಟಿಯಿಂದ ಜೋತಾಡುತ್ತಿದೆ.